ಸಂಬಳ ಸರ್ಕಾರದ್ದು, ಉಳಿದದ್ದೆಲ್ಲ ಫೇಲಾದ ಹುಡುಗರದ್ದು: ನಮ್ಮ ವಿವಿಗಳ ಖಜಾನೆ ಕಥೆ

ಹಳೇ_ಲೆಡ್ಜರ್

ಮೂವತ್ತೊಂದು ವರ್ಷ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿ ಕೂತು ಎದ್ದವನು ನಾನು. ಯಾವ ವಿವಿ ಅಂತ ಕೇಳಬೇಡಿ, ಪಿಂಚಣಿ ಇನ್ನೂ ಅಲ್ಲಿಂದಲೇ ಬರಬೇಕು. ಮೊದಲೆಲ್ಲ ತಿಂಗಳ ಮೊದಲ ವಾರ ಬರ್ತಿತ್ತು. ಈಗ ಮೂರನೇ ವಾರ, ಕೆಲವು ಸಲ ಮುಂದಿನ ತಿಂಗಳು.

2025ರ ಫೆಬ್ರವರಿಯಲ್ಲಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿ ಹತ್ತು ಹೊಸ ವಿವಿಗಳಲ್ಲಿ ಒಂಬತ್ತು ಬೇಡ, ಬೀದರ್ ಒಂದು ಉಳಿಯಲಿ ಅಂದಿತಲ್ಲ, ಅವತ್ತಿನಿಂದ ಎಲ್ಲಿ ನೋಡಿದರೂ ಅದೇ ಜಗಳ. ತೆರೆದವರು ಸರಿಯೋ ಮುಚ್ಚುವವರು ಸರಿಯೋ ಅಂತ. ಹಾಸನ, ಚಾಮರಾಜನಗರ, ಹಾವೇರಿ, ಕೊಡಗು, ಕೊಪ್ಪಳ, ಬಾಗಲಕೋಟೆ, ಮಂಡ್ಯ, ಎಲ್ಲ ಕಡೆಯವರೂ ನಮ್ಮ ಜಿಲ್ಲೆಗೆ ಅನ್ಯಾಯ ಅಂತಾರೆ. ಪಕ್ಷ ಬಿಟ್ಟು ಬರೀ ಲೆಕ್ಕ ಮಾತಾಡೋಣ ಅಂತ ಈ ಚರ್ಚೆ ಶುರು ಮಾಡ್ತಿದ್ದೀನಿ.

ನಮ್ಮಂಥ ವಿವಿಗೆ ದುಡ್ಡು ಬರೋದು ಎರಡು ದಾರಿಯಲ್ಲಿ. ಒಂದು, ಕಾಯಂ ನೌಕರರ ಸಂಬಳಕ್ಕೆ ಸರ್ಕಾರ ಕೊಡುವ ಅನುದಾನ. ಇನ್ನೊಂದಕ್ಕೆ 'ಆಂತರಿಕ ಸಂಪನ್ಮೂಲ' ಅಂತ ಹೆಸರು. ಹೆಸರು ದೊಡ್ಡದು, ಒಳಗಿರೋದು ಪರೀಕ್ಷಾ ಶುಲ್ಕ, ಕಾಲೇಜುಗಳ ಸಂಯೋಜನಾ (ಅಫಿಲಿಯೇಷನ್) ಶುಲ್ಕ, ಮಾರ್ಕ್ಸ್ ಕಾರ್ಡ್, ಘಟಿಕೋತ್ಸವ, ರೀವ್ಯಾಲ್ಯುಯೇಷನ್, ಉತ್ತರಪತ್ರಿಕೆಯ ಫೋಟೋಕಾಪಿ. ನಮ್ಮ ಸೆಕ್ಷನ್‌ನಲ್ಲಿ ಒಂದು ಮಾತಿತ್ತು: ಸಂಬಳ ವಿಧಾನಸೌಧದ್ದು, ಉಳಿದದ್ದೆಲ್ಲ ಫೇಲಾದ ಹುಡುಗರದ್ದು. ತಮಾಷೆಗೆ ಹೇಳ್ತಿದ್ದದ್ದು. ಆದರೆ ಬ್ಯಾಕ್‌ಲಾಗ್ ಪರೀಕ್ಷೆ ಕಟ್ಟುವ ಕೊನೇ ದಿನ ನಮ್ಮ ಖಾತೆಗೆ ಬೀಳ್ತಿದ್ದ ಮೊತ್ತ ನೋಡಿದ್ದರೆ ನೀವೂ ಹಾಗೇ ಅಂತಿದ್ರಿ.

ಕರೆಂಟು, ನೀರು, ಸೆಕ್ಯುರಿಟಿ, ಹೊರಗುತ್ತಿಗೆ, ಅತಿಥಿ ಉಪನ್ಯಾಸಕರು, ಪ್ರಯೋಗಾಲಯ, ಎಲ್ಲ ಆ ಎರಡನೇ ಡಬ್ಬಿಯಿಂದ. ಪಿಂಚಣಿಗೆ ಸರ್ಕಾರ ಒಂದಿಷ್ಟು ಕೊಡುತ್ತೆ, ಸಾಲದ್ದಕ್ಕೆ ಮತ್ತೆ ಅದೇ ಡಬ್ಬಿ.

ಯಾರಿಗಾದರೂ ಬೇರೆ ದಾರಿ ತೋಚಿದರೆ ಹೇಳಿ.

ಫೈನಲ್_ಸೆಮ್

ಸರ್ ಒಂದು ಡೌಟು. ನಾನು ಹೊಸ ವಿವಿಯಲ್ಲೇ ಎಂ.ಎಸ್ಸಿ. ಮಾಡ್ತಿರೋದು. ಮುಚ್ಚಿದರೆ ನಮ್ಮ ಮಾರ್ಕ್ಸ್ ಕಾರ್ಡ್ ಮೇಲೆ ಯಾರ ಹೆಸರು ಬರುತ್ತೆ?

ವೈಟ್‌ಫೀಲ್ಡ್_ವಾಸಿ

ಇಷ್ಟೆಲ್ಲ ಯಾಕೆ? ಶುಲ್ಕ ಜಾಸ್ತಿ ಮಾಡಿ. ಡಿಗ್ರಿ ಹುಡುಗರು ವರ್ಷಕ್ಕೆ ಕಟ್ಟೋ ಫೀಸು ಅವರ ಕೈಯಲ್ಲಿರೋ ಫೋನಿನ ಅರ್ಧ ಬೆಲೆಯೂ ಇಲ್ಲ. ಖಾಸಗಿ ವಿವಿಗಳು ಲಕ್ಷಗಟ್ಟಲೆ ತಗೊಂಡು ನಡೆಸ್ತಿಲ್ವಾ? ನಾವು ಟ್ಯಾಕ್ಸ್ ಕಟ್ಟಿ ಕಟ್ಟಿ ಸಾಕಾಗಿದೆ. ಪುಕ್ಕಟೆ ಕೊಟ್ಟದ್ದಕ್ಕೆ ಬೆಲೆ ಇರಲ್ಲ.

ಧಾರವಾಡದಾಂವ

ಹಳೇ ಲೆಡ್ಜರ್ ಸರ, ಚಲೋ ವಿಷಯ ತಗದೀರಿ. ನಮ್ಮ ಕರ್ನಾಟಕ ವಿವಿ ಕತಿ ಕೇಳ್ರಿ, ಲೆಕ್ಕ ತಾನ ತಿಳೀತೈತಿ.

1949ರಾಗ ಹುಟ್ಟಿದ್ದು, ಅದೂ ಮುಂಬೈದಾಗ. ಆಮ್ಯಾಲೆ ಧಾರವಾಡಕ್ಕ ಬಂತು. ಕುಲಪತಿ ಪಾವಟೆಯವರ ಕಾಲದಾಗ ಗುಡ್ಡದ ಮ್ಯಾಲ ಕ್ಯಾಂಪಸ್ ಎದ್ದು ನಿಂತು. ಆಗ ಇಡೀ ಉತ್ತರ ಕರ್ನಾಟಕ ಅದರ ಕೈಯಾಗಿತ್ತು. 1980ಕ್ಕ ಗುಲ್ಬರ್ಗಾ ವಿವಿ ಆತು, ಕಲಬುರಗಿ, ಬೀದರ, ರಾಯಚೂರು, ಬಳ್ಳಾರಿ ಹೋದುವು. 2010ಕ್ಕ ರಾಣಿ ಚನ್ನಮ್ಮ ವಿವಿ ಆತು, ಬೆಳಗಾವಿ, ವಿಜಯಪುರ, ಬಾಗಲಕೋಟಿ ಹೋದುವು. ಈಗ ಹಾವೇರಿ. ಉಳದದ್ದು ಧಾರವಾಡ, ಗದಗ, ಉತ್ತರ ಕನ್ನಡ, ಮೂರ ಜಿಲ್ಲಾ.

ಹೊಸಾ ವಿವಿ ಆಗಬಾರದು ಅನ್ನೂದಿಲ್ಲ ನಾ. ಬೀದರದ ಹುಡುಗ ಮಾರ್ಕ್ಸ್ ಕಾರ್ಡ್ ತಿದ್ದಸಾಕ ಧಾರವಾಡದ ತನಕ ಬರಬೇಕೇನು? ಖರೇನ ತ್ರಾಸ ಇತ್ತು. ಆದ್ರ ಕಾಲೇಜು ಹೋದುವು, ಪರೀಕ್ಷಾ ಫೀ ಹೋತು, ಪಿಂಚಣಿ ಮಾತ್ರ ಹಳೇ ಮನಿಯಾಗ ಉಳೀತು. ಅಣ್ಣತಮ್ಮರು ಪಾಲಾದಾಗ ಹೊಲ ಒಬ್ಬಗ, ಸಾಲ ಒಬ್ಬಗ ಹಾಕಿದಂಗ ಆತಿದು.

ವೈಟ್‌ಫೀಲ್ಡ್ ಅಣ್ಣಾರ, ಫೋನಿನ ಮಾತು ಬಿಡ್ರಿ. ಫೋನು ಇಲ್ಲಂದ್ರ ಪರೀಕ್ಷಾ ಫೀ ತುಂಬಾಕ ಬರೂದಿಲ್ಲ, ಎಲ್ಲಾ ಯುಯುಸಿಎಂಎಸ್ ಅನ್ನೂ ಆನ್‌ಲೈನ್ ಪೋರ್ಟಲ್‌ದಾಗ ಐತಿ.

ಕಬ್ಬಿನಗದ್ದೆ

ಫೀಸು ಕಡಿಮೆ ಅಂತೀರಲ್ಲ ವೈಟ್‌ಫೀಲ್ಡಣ್ಣ, ನಮ್ಮನೆ ಲೆಕ್ಕ ಕೇಳಿ ಇಲ್ಲಿ. ಮಗಳು ಬಿ.ಎಸ್ಸಿ. ಎರಡನೇ ವರ್ಷ, ಸರ್ಕಾರಿ ಕಾಲೇಜು. ಕಾಲೇಜು ಫೀಸು ನಿಜವಾಗ್ಲೂ ಕಮ್ಮಿನೇ, ಒಪ್ಕತೀನಿ. ಶಕ್ತಿ ಯೋಜನೆ ಬಂದ್ಮೇಲೆ ಬಸ್ಸಿನ ದುಡ್ಡೂ ಉಳೀತು. ಆದ್ರೆ ಬಸ್ಸು ನಮ್ಮೂರಿಗೆ ಬೆಳಿಗ್ಗೆ ಒಂದೇ, ಅದು ತಪ್ಪಿದ್ರೆ ಟೋಲ್‌ಗೇಟ್‌ವರೆಗೂ ಆಟೋ. ಮಧ್ಯಾಹ್ನ ಊಟ. ಪರೀಕ್ಷೆ ಫೀಸು ವರ್ಷಕ್ಕೆ ಎರಡು ಸಲ. ರೆಕಾರ್ಡು ಬುಕ್ಕು, ಜೆರಾಕ್ಸು, ಲ್ಯಾಬ್ ಕೋಟು. ಟ್ಯಾಲಿ ಕಲೀಬೇಕಂತೆ, ಅದುಕ್ಕೆ ಬೇರೆ ಟ್ಯೂಷನ್ನು. ಆ ಟ್ಯೂಷನ್ನಿನ ದುಡ್ಡೇ ಕಾಲೇಜು ಫೀಸಿಗಿಂತ ಜಾಸ್ತಿ ಕಣಣ್ಣ!

ರೈತ ವಿದ್ಯಾನಿಧಿ ಅಂತ 2021ರಲ್ಲಿ ತಂದ್ರಲ್ಲ, ಡಿಗ್ರಿ ಹೆಣ್ಮಕ್ಕಳಿಗೆ ವರ್ಷಕ್ಕೆ 5,500. ಅದೇನೂ ಸಣ್ಣದಲ್ಲ ನಮಗೆ. ಆ ದುಡ್ಡಲ್ಲಿ ಎರಡು ಸೆಮಿಸ್ಟರ್ ಪರೀಕ್ಷೆ ಫೀಸು, ಪುಸ್ತಕ ಎಲ್ಲ ಆಗೋಯ್ತದೆ.

ಈಗ ನೀವು ಫೀಸು ಹತ್ತು ಪಟ್ಟು ಮಾಡಿ ಅಂದ್ರೆ, ಮಗನ್ನ ಓದಿಸ್ತಾರೆ ಜನ, ಮಗಳನ್ನ ಬಿಡಿಸ್ತಾರೆ. ನಮ್ಮೂರಲ್ಲಿ ಯಾವ ಮನೇಲಿ ಅಂತ ಹೆಸರಿಟ್ಟು ಹೇಳಬಲ್ಲೆ, ಹೇಳಲ್ಲ ಬುಡಿ.

ಎಂತ_ಮಾರಾಯ್ರೆ

ನಾನು ಅತಿಥಿ ಉಪನ್ಯಾಸಕಿ, ಒಂಬತ್ತನೇ ವರ್ಷ ಇದು. ಕರಾವಳಿ ಕಡೆಯ ಒಂದು ಕಾಲೇಜು.

ಉನ್ನತ ಶಿಕ್ಷಣಕ್ಕೆ ಯಾರು ದುಡ್ಡು ಹಾಕುದು ಅಂತ ಕೇಳ್ತೀರಲ್ಲ, ಈಗಾಗಲೇ ಹಾಕ್ತಾ ಇರುದು ಯಾರು ಅಂತ ನಾನು ಹೇಳ್ತೇನೆ. ನಾವು. ನನ್ನ ಪಕ್ಕದ ಕುರ್ಚಿಯಲ್ಲಿ ಕೂರುವ ಕಾಯಂ ಪ್ರೊಫೆಸರರಿಗೆ ಬರುವ ಸಂಬಳದ ಕಾಲು ಭಾಗವೂ ನನಗೆ ಇಲ್ಲ. ಪಾಠ ಅದೇ, ಪೇಪರ್ ತಿದ್ದುದು ಅದೇ, ಇಂಟರ್ನಲ್ ಮಾರ್ಕ್ಸ್ ಎಂಟ್ರಿ ಮಾಡುದು ನನ್ನ ಲಾಗಿನ್‌ನಲ್ಲೇ ಹೆಚ್ಚು. ರಜೆಯ ತಿಂಗಳಲ್ಲಿ ಗೌರವಧನ ಇಲ್ಲ. ಆ ಉಳಿದ ಮುಕ್ಕಾಲು ಸಂಬಳ ಉಂಟಲ್ಲ, ಅದು ನಾನು ರಾಜ್ಯಕ್ಕೆ ಪ್ರತಿ ತಿಂಗಳು ಕೊಡುವ ದೇಣಿಗೆ. ಗೋಡೆಯ ಮೇಲೆ ದಾನಿಗಳ ಹೆಸರು ಕೆತ್ತುವಾಗ ನಮ್ಮದನ್ನೂ ಹಾಕ್ಲಿ.

ಮತ್ತೆ ಗೌರವಧನ ಅನ್ನುವ ಶಬ್ದ. ಮೂರು ತಿಂಗಳದ್ದು ಒಟ್ಟಿಗೆ ಬರುವಾಗ ಅಂಗಡಿಯವನ ಲೆಕ್ಕ ಚುಕ್ತಾ ಮಾಡ್ಲಿಕ್ಕೆ ಹೋಗ್ತೇವೆ. ಅವ ಕೇಳ್ತಾನೆ, ‘ಟೀಚರ್, ಈ ಸಲ ಗೌರವ ಬಂತಾ?’

ವೈಟ್‌ಫೀಲ್ಡ್_ವಾಸಿ

ಮೇಡಂ ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದರೆ ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಖಾಸಗಿಯವರು ಹೇಗೆ ನಡೆಸ್ತಾರೆ?

ಕರಿಕೋಟು

ಅದಕ್ಕೆ ನಾನು ಉತ್ತರ ಕೊಡ್ತೀನಿ, ವಕೀಲ ನಾನು.

ಖಾಸಗಿ ಶುಲ್ಕದ ಪ್ರಯೋಗ ದೇಶಕ್ಕೇ ಮೊದಲು ಆಗಿದ್ದು ನಮ್ಮಲ್ಲಿ. ಡೊನೇಷನ್ ಅನ್ನೋ ಇಂಗ್ಲಿಷ್ ಪದಕ್ಕೆ ಬೇರೆಯೇ ಅರ್ಥ ಕೊಟ್ಟವರು ನಾವು. 1984ರಲ್ಲಿ ಕ್ಯಾಪಿಟೇಷನ್ ಶುಲ್ಕ (ಸೀಟು ಕೊಡೋಕೆ ವಸೂಲಿ ಮಾಡೋ ಹೆಚ್ಚುವರಿ ಹಣ) ನಿಷೇಧ ಕಾಯ್ದೆ ಬಂತು. ಅದರ ಕೆಳಗೆ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ ಖಾಸಗಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ವರ್ಷಕ್ಕೆ 2,000, ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಉತ್ತರ ಪ್ರದೇಶದ ಮೋಹಿನಿ ಜೈನ್ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ಕೋರ್ಟು ಶಿಕ್ಷಣ ಮೂಲಭೂತ ಹಕ್ಕು, ಈ 60,000 ಅಂದರೆ ಕ್ಯಾಪಿಟೇಷನ್ನೇ ಅಂತ ಹೇಳಿತು. ಮಾರನೇ ವರ್ಷ ಉಣ್ಣಿಕೃಷ್ಣನ್ ಪ್ರಕರಣದಲ್ಲಿ ಆ ಹಕ್ಕನ್ನು 14 ವರ್ಷದವರೆಗಿನ ಮಕ್ಕಳಿಗೆ ಇಳಿಸಿ, ಕಾಲೇಜಿಗೆ ಫ್ರೀ ಸೀಟು, ಪೇಮೆಂಟ್ ಸೀಟು ಅಂತ ಅರ್ಧರ್ಧ ಹಂಚಿದರು. ಪೇಮೆಂಟ್ ಸೀಟಿನವ ಫ್ರೀ ಸೀಟಿನವನ ಖರ್ಚನ್ನೂ ಹೊರಬೇಕು ಅನ್ನೋದು ಲೆಕ್ಕ. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಅದನ್ನೂ ತೆಗೆದುಹಾಕಿತು. ಆ ಪ್ರಕರಣವೂ ಕರ್ನಾಟಕದ್ದೇ.

ಹಾಗಾಗಿ ಖಾಸಗಿಯವರು ಹೇಗೆ ನಡೆಸ್ತಾರೆ ಅಂದರೆ, ಮಾರಾಟವಾಗುವ ಕೋರ್ಸು ಇಟ್ಟು ನಡೆಸ್ತಾರೆ. ಎಂಜಿನಿಯರಿಂಗ್, ಮೆಡಿಕಲ್, ಬಿಬಿಎ. ಹಳಗನ್ನಡ, ಶಾಸನಶಾಸ್ತ್ರ, ಸಸ್ಯಶಾಸ್ತ್ರದ ಎಂ.ಎಸ್ಸಿ. ಎಷ್ಟು ಖಾಸಗಿ ವಿವಿಗಳಲ್ಲಿದೆ, ನೀವೇ ಹುಡುಕಿ ನೋಡಿ.

ಸ್ವಂತ ಕಾಲ ಮೇಲೆ ನಿಲ್ಲಿ ಅನ್ನೋರಿಗೆ ಇನ್ನೊಂದು ಕಥೆ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿವಿ, ಹಾಗೆ ನಿಂತಿತು. 1998ರಲ್ಲಿ ಶುರುವಾಗಿ ಎಂಜಿನಿಯರಿಂಗ್ ಕಾಲೇಜುಗಳ ಶುಲ್ಕದಲ್ಲೇ ಉಳಿತಾಯ ಮಾಡಿತು. ಆಗ ಆದಾಯ ತೆರಿಗೆ ಇಲಾಖೆ ಬಂತು. ‘ಸರ್ಕಾರದಿಂದ ಗಣನೀಯ ಹಣಕಾಸು ಪಡೆಯುವ ಸಂಸ್ಥೆ’ಗೆ ವಿನಾಯಿತಿ ಇದೆ, ನೀವು ಅದರಲ್ಲಿ ಬರಲ್ಲ ಅಂತ. 2016ರಲ್ಲಿ ಸುಪ್ರೀಂ ಕೋರ್ಟು ಒಪ್ಪಿಕೊಂಡಿತು: ವಿವಿ ಲಾಭಕ್ಕಾಗಿ ನಡೀತಿಲ್ಲ, ನಿಜ, ಆದರೆ ಅದರ ಆದಾಯದಲ್ಲಿ ಸರ್ಕಾರದ ನೇರ ಅನುದಾನ ಶೇ 1ರಷ್ಟೇ, ಆದ್ದರಿಂದ ಆ ವಿನಾಯಿತಿ ಇಲ್ಲ. ಸರ್ಕಾರ ಕೊಡಲಿಲ್ಲ ಅನ್ನೋ ಕಾರಣಕ್ಕೇ ಸರ್ಕಾರಕ್ಕೆ ಕಟ್ಟಬೇಕು. ನಾನು ತೀರ್ಪು ಎರಡು ಸಲ ಓದಿದೆ, ಕಾನೂನಿನಲ್ಲಿ ತಪ್ಪು ಕಾಣಲಿಲ್ಲ, ಸುಮ್ಮನೆ ನಗು ಬಂತು.

ಅದು ಸಾಲದು ಅಂತ 2024ರ ಸೆಪ್ಟೆಂಬರ್ ಸಭೆಯಲ್ಲಿ ಜಿಎಸ್‌ಟಿ ಮಂಡಳಿ, ವಿವಿಗಳು ಕಾಲೇಜುಗಳಿಗೆ ಕೊಡುವ ಸಂಯೋಜನೆಗೆ ವಿನಾಯಿತಿ ಇಲ್ಲ, ಶೇ 18 ಅಂತ ಸ್ಪಷ್ಟ ಮಾಡಿತು. ಅದೇ ಸಭೆಯಲ್ಲಿ ಸಂಶೋಧನಾ ಅನುದಾನವನ್ನು ತೆರಿಗೆಯಿಂದ ಬಿಟ್ಟರು, ಅದೊಂದು ಒಳ್ಳೇದಾಯ್ತು.

ಹಳೇ_ಲೆಡ್ಜರ್

ಕರಿಕೋಟು ಅವರೇ, ವಿಟಿಯು ವಿಷಯ ಸರಿಯಾದ ಜಾಗಕ್ಕೆ ಬಂತು. ಅದರ ಎದುರಿನ ತುದಿ ಹಂಪಿ. ಕನ್ನಡ ವಿಶ್ವವಿದ್ಯಾಲಯ, 1991ರದ್ದು. ಸಂಶೋಧನೆಗೆ ಅಂತಲೇ ಕಟ್ಟಿದ್ದು, ಡಿಗ್ರಿ ಕಾಲೇಜುಗಳ ಸಂಯೋಜನೆ ಇಲ್ಲ. ಅಂದರೆ ಪರೀಕ್ಷಾ ಶುಲ್ಕದ ಹೊಳೆ ಇಲ್ಲ. ಕರೆಂಟ್ ಬಿಲ್ ಬಾಕಿ ಅಂತ ಪೇಪರಿನಲ್ಲಿ ಬಂದದ್ದು ಅದಕ್ಕೇ. ನಮ್ಮ ವ್ಯವಸ್ಥೆಯಲ್ಲಿ ವಿವಿ ಎಷ್ಟು ಜನಕ್ಕೆ ಪರೀಕ್ಷೆ ಮಾಡುತ್ತೋ ಅಷ್ಟು ಬದುಕುತ್ತೆ. ಎಷ್ಟು ಚೆನ್ನಾಗಿ ಕಲಿಸುತ್ತೆ, ಏನು ಸಂಶೋಧಿಸುತ್ತೆ ಅನ್ನೋದಕ್ಕೆ ಲೆಡ್ಜರಿನಲ್ಲಿ ಕಾಲಂ ಇಲ್ಲ.

ಹೊಸ ವಿವಿಗಳ ಲೆಕ್ಕ ಹಾಕಿ ತೋರಿಸ್ತೀನಿ. ಇದು ಯಾವ ವಿವಿಯ ಅಂಕಿಯೂ ಅಲ್ಲ, ಕಾಗದದ ಮೇಲೆ ಹಿಡಿದದ್ದು.

ಒಂದು ಜಿಲ್ಲೆ, 40 ಕಾಲೇಜು, 20,000 ವಿದ್ಯಾರ್ಥಿ ಅಂತ ಇಟ್ಟುಕೊಳ್ಳಿ. ಸೆಮಿಸ್ಟರಿಗೆ ತಲಾ 1,500 ಪರೀಕ್ಷಾ ಶುಲ್ಕ. ವರ್ಷಕ್ಕೆ 6 ಕೋಟಿ. ಅದರಲ್ಲಿ ಪ್ರಶ್ನೆಪತ್ರಿಕೆ ತಯಾರಿ, ಮುದ್ರಣ, ಕೊಠಡಿ ಮೇಲ್ವಿಚಾರಣೆ, ಮೌಲ್ಯಮಾಪಕರ ಟಿಎ ಡಿಎ ಎಲ್ಲ ಸೇರಿ ಅರ್ಧ ಹೋಯ್ತು ಅನ್ನಿ. ಉಳಿದದ್ದು 3 ಕೋಟಿ. ಒಬ್ಬ ನಿವೃತ್ತ ಪ್ರೊಫೆಸರ್ ಪಿಂಚಣಿ ತಿಂಗಳಿಗೆ 75,000 ಹಿಡಿದರೆ ವರ್ಷಕ್ಕೆ 9 ಲಕ್ಷ. ಮೂರು ಕೋಟಿಗೆ ಮೂವತ್ತಮೂರು ಜನ. ಒಂದು ಇಡೀ ಜಿಲ್ಲೆಯ ಮಕ್ಕಳು ಎರಡು ಸಲ ಪರೀಕ್ಷೆ ಕಟ್ಟಿದರೆ ಮೂವತ್ತಮೂರು ಮುದುಕರ ಊಟ. ಆ ಜಿಲ್ಲೆ ಕಳಚಿ ಹೋದರೆ ಮಾತೃ ವಿವಿಯ ಕೈಬಿಟ್ಟು ಹೋಗೋದು ಆ ಮೂರು ಕೋಟಿ, ಮುದುಕರು ಹೋಗಲ್ಲ.

ಹೊಸ ವಿವಿಗಾದರೂ ಆ ಮೂರು ಕೋಟಿ ಭಾಗ್ಯವೇ? ಕುಲಪತಿ, ಇಬ್ಬರು ಕುಲಸಚಿವರು, ಹಣಕಾಸು ಅಧಿಕಾರಿ, ಅವರವರ ಕಚೇರಿ, ವಾಹನ. ಆರಂಭಕ್ಕೆ ಸರ್ಕಾರ ಹೇಳಿದ್ದು 2 ಕೋಟಿ. ಕಟ್ಟಡ ಹಳೇ ಸ್ನಾತಕೋತ್ತರ ಕೇಂದ್ರದ್ದೇ: ಹಾಸನಕ್ಕೆ ಹೇಮಗಂಗೋತ್ರಿ, ಮಂಡ್ಯಕ್ಕೆ ತೂಬಿನಕೆರೆ, ಕೊಡಗಿಗೆ ಚಿಕ್ಕ ಅಳುವಾರ, ಹಾವೇರಿಗೆ ಕೆರಿಮತ್ತಿಹಳ್ಳಿ. ನಿನ್ನೆ ಕೇಂದ್ರ ಆಗಿದ್ದದ್ದಕ್ಕೆ ಇವತ್ತು ಹೊಸ ಬೋರ್ಡು.

ಹಾಗಂತ ಮುಚ್ಚಿದರೆ ಉಳಿತಾಯ ಆಗುತ್ತೆ ಅಂತಲೂ ಅಲ್ಲ. ಆಡಳಿತದ ಖರ್ಚು ಉಳಿಯುತ್ತೆ, ಪರೀಕ್ಷಾ ಶುಲ್ಕ ಮಾತೃ ವಿವಿಗೆ ವಾಪಸ್ ಬರುತ್ತೆ. ಮೂಲ ರೋಗ ಹಾಗೇ ಇರುತ್ತೆ.

ಲೀಡ್ಸ್_ಕನ್ನಡತಿ

ಇಂಗ್ಲೆಂಡಿನಿಂದ ನೋಡಿದ್ದನ್ನು ಹೇಳ್ತೀನಿ, ಯಾಕಂದ್ರೆ ‘ಶುಲ್ಕ ಏರಿಸಿ, ಸಾಲ ಕೊಡಿ’ ಅನ್ನೋ ದಾರಿಯಲ್ಲಿ ಇವರು ಕೊನೇವರೆಗೂ ಹೋಗಿ ನೋಡಿದ್ದಾರೆ.

1998ರವರೆಗೆ ಇಲ್ಲಿನ ಮಕ್ಕಳಿಗೆ ಡಿಗ್ರಿ ಉಚಿತ ಇತ್ತು. ಆ ವರ್ಷ 1,000 ಪೌಂಡ್ ಮಾಡಿದರು. 2006ಕ್ಕೆ 3,000. 2012ಕ್ಕೆ 9,000. 2017ರಿಂದ 9,250ಕ್ಕೆ ನಿಲ್ಲಿಸಿ ವರ್ಷಗಟ್ಟಲೆ ಮುಟ್ಟಲಿಲ್ಲ, 2025ರಲ್ಲಿ 9,535 ಆಯ್ತು. ಈ ನಡುವೆ ಬೆಲೆ ಏರಿದ್ದರಿಂದ ಅದೇ 9,250 ಒಳಗಿಂದ ಕರಗುತ್ತಾ ಹೋಯ್ತು. ಸ್ಥಳೀಯ ವಿದ್ಯಾರ್ಥಿಯ ಮೇಲೆ ನಷ್ಟ ಬಂದಾಗ ವಿವಿಗಳು ಏನು ಮಾಡಿದವು? ಹೊರದೇಶದವರಿಂದ ತುಂಬಿಕೊಂಡವು. ಅಂದರೆ ನಮ್ಮಿಂದ. ನಾನು ಒಂದು ವರ್ಷದ ಮಾಸ್ಟರ್ಸ್‌ಗೆ ಕಟ್ಟಿದ್ದು ನನ್ನ ಪಕ್ಕ ಕೂತ ಇಂಗ್ಲಿಷ್ ಹುಡುಗ ಕಟ್ಟಿದ್ದರ ಎರಡು ಪಟ್ಟಿಗೂ ಹೆಚ್ಚು. ದಾವಣಗೆರೆಯಲ್ಲಿ ಅಪ್ಪ ಸೈಟು ಅಡ ಇಟ್ಟ ದುಡ್ಡು ಇಲ್ಲಿ ಯಾರದ್ದೋ ಇತಿಹಾಸ ವಿಭಾಗ ನಡೆಸಿತು. 2024ರ ಜನವರಿಯಿಂದ ಮಾಸ್ಟರ್ಸ್‌ನವರು ಹೆಂಡತಿ, ಗಂಡ, ಮಕ್ಕಳನ್ನು ಕರೆತರುವ ಹಾಗಿಲ್ಲ ಅಂತ ವೀಸಾ ನಿಯಮ ಬಿಗಿ ಮಾಡಿದರು. ಜನ ಬರೋದು ಕಡಿಮೆಯಾಯ್ತು. ಈಗ ಒಂದೊಂದೇ ವಿವಿ ವಿಭಾಗ ಮುಚ್ತಿವೆ, ಮೇಷ್ಟ್ರುಗಳನ್ನು ಮನೆಗೆ ಕಳಿಸ್ತಿವೆ.

ಆದರೆ ಒಂದು ವಿಷಯ ಇವರ ಸಾಲದಲ್ಲಿ ನನಗೆ ಇಷ್ಟ. ಸ್ಥಳೀಯರ ಸಾಲದ ಕಂತು ಸಂಬಳ ನೋಡಿ ಕಡಿತ ಆಗುತ್ತೆ. ಈಗ ಸೇರುವವರಿಗೆ ವರ್ಷಕ್ಕೆ 25,000 ಪೌಂಡ್ ದಾಟಿದ ಮೇಲಿನ ಭಾಗದ ಶೇ 9. ಕೆಲಸ ಹೋದರೆ ಕಂತು ತಾನೇ ನಿಲ್ಲುತ್ತೆ. 40 ವರ್ಷ ಆದಮೇಲೆ ಉಳಿದದ್ದು ಮನ್ನಾ. ಬ್ಯಾಂಕಿನವನು ಮನೆ ಬಾಗಿಲಿಗೆ ಬರಲ್ಲ. ಆಸ್ಟ್ರೇಲಿಯಾದಲ್ಲಿ 1989ರಿಂದಲೇ ಈ ಥರ ಇದೆ.

ವೈಟ್‌ಫೀಲ್ಡ್_ವಾಸಿ

ಇದನ್ನೇ ನಾನು ಹೇಳ್ತಿರೋದು! ಆದಾಯ ಬಂದಮೇಲೆ ಕಟ್ಟೋ ಸಾಲ ಇಲ್ಲೂ ತರಬಹುದಲ್ಲ.

ಕರಿಕೋಟು

ಅಲ್ಲಿ ಕಂತು ಕಟ್ಟಾಗೋದು ಸಂಬಳದ ಚೀಟಿಯಿಂದ. ಇಲ್ಲಿ ಡಿಗ್ರಿ ಮುಗಿಸಿದವರಲ್ಲಿ ಎಷ್ಟು ಜನಕ್ಕೆ ಸಂಬಳದ ಚೀಟಿ ಇದೆ? ಡೆಲಿವರಿ ಮಾಡೋ ಹುಡುಗನ, ಅಪ್ಪನ ಅಂಗಡಿಯಲ್ಲಿ ಕೂತವನ, ಮದುವೆಯಾಗಿ ಮನೆಯಲ್ಲಿರುವ ಹೆಣ್ಣುಮಗಳ ಆದಾಯ ಯಾವ ಇಲಾಖೆ ನೋಡುತ್ತೆ?

ಕಬ್ಬಿನಗದ್ದೆ

ಸಾಲದ ಮಾತು ಬಂತಲ್ಲ. ಅಣ್ಣನ ಮಗನಿಗೆ ಎಂಜಿನಿಯರಿಂಗ್‌ಗೆ ಸಾಲ ಕೇಳಕ್ಕೆ ಒಂದು ಬ್ಯಾಂಕಿಗೆ ಜೊತೆಲಿ ಹೋಗಿದ್ದೆ. ನಾಲ್ಕು ಲಕ್ಷದವರೆಗೂ ಅಡಮಾನ ಕೇಳಂಗಿಲ್ಲ ಅಂತ ನಿಯಮ ಅಂತೆ. ಮ್ಯಾನೇಜರು ಅಡಮಾನ ಕೇಳಲಿಲ್ಲಪ್ಪ, ನ್ಯಾಯವಾಗಿ ಹೇಳ್ಬೇಕು. ಪಹಣಿ ಕೇಳಿದ್ರು. ಪಹಣಿ ಕೊಟ್ವಿ. ಬೆಳೆಸಾಲ ಬಾಕಿ ಇದೆಯಲ್ಲ ಅಂದ್ರು. ಅದು ತೀರಿಸಿಕೊಂಡು ಬನ್ನಿ ಅಂದ್ರು. ಬೆಳೆಸಾಲ ತೀರಿಸೋಷ್ಟು ದುಡ್ಡಿದ್ರೆ ನಾವ್ಯಾಕೆ ಅಲ್ಲಿ ನಿಂತ್ಕತಿದ್ವಿ? ಕೊನೆಗೆ ಚಿನ್ನ ಇಟ್ವಿ, ಅದೇ ಬ್ಯಾಂಕಲ್ಲೇ. ಒಡವೆ ಸಾಲ ಹತ್ತು ನಿಮಿಷಕ್ಕೆ ಆಯ್ತು.

ಎಂತ_ಮಾರಾಯ್ರೆ

ಚಿನ್ನ ಯಾರದ್ದು? ಅತ್ತಿಗೆಯದ್ದಲ್ವಾ.

ಕಬ್ಬಿನಗದ್ದೆ

ಹೂಂ ಕಣಕ್ಕ.

ಧಾರವಾಡದಾಂವ

ಸಾಲ ಹುಡುಗರಿಗೆ ಅಷ್ಟ ಅಲ್ಲ, ಸಂಸ್ಥಾಕ್ಕೂ ಬಂದೈತಿ. 2017ಕ್ಕ ಕೇಂದ್ರ ಸರ್ಕಾರ ಹೆಫಾ ಅಂತ ಸಾಲ ಕೊಡೂ ಸಂಸ್ಥಾ ಮಾಡಿತು, ಕೆನರಾ ಬ್ಯಾಂಕ್ ಜೋಡಿ ಸೇರಿ, ಕಚೇರಿ ನಮ್ಮ ಬೆಂಗಳೂರಾಗ. ಐಐಟಿ, ಕೇಂದ್ರೀಯ ವಿವಿಗೆ ಮೊದಲ ಕಟ್ಟಡಕ್ಕ ಅನುದಾನ ಸಿಗ್ತಿತ್ತು, ಈಗ ಸಾಲ. ಸಾಲ ತೀರಸಾಕ ಫೀ ಏರಸಬೇಕು. ರಾಜ್ಯದ ವಿವಿಗೆ ಪಿಎಂ ಉಷಾ ಅಂತ ಅನುದಾನದ ಯೋಜನಾ 2023ಕ್ಕ ಬಂತು, ಆರಿಸಿದ ವಿವಿಗೆ 100 ಕೋಟಿ ತನಕ, ಸಣ್ಣವಕ್ಕ 20 ಕೋಟಿ. ಅದು ಚಲೋನ. ಆದ್ರ ಅದು ಕಟ್ಟಡಕ್ಕ, ಉಪಕರಣಕ್ಕ. ಹೊಸಾ ಲ್ಯಾಬಿನಾಗ ಮಷೀನ್ ಬರ್ತೈತಿ, ನಡಸಾಕ ಮನಶ್ಯಾ ಇರೂದಿಲ್ಲ. ಪ್ಲಾಸ್ಟಿಕ್ ಹಾಳಿ ಹೊದಿಸಿಟ್ಟ ಮಷೀನ್ ನೋಡೀನಿ ನಾ, ಯಾವ ವಿವಿ ಅನ್ನೂದಿಲ್ಲ.

ಮತ್ತ ದಾನ. ನಮ್ಮ ಕಡೆ ಸಿರಸಂಗಿ ಲಿಂಗರಾಜ ದೇಸಾಯರು ತಮ್ಮ ಇಡೀ ಆಸ್ತಿ ಮಕ್ಕಳ ಶಿಕ್ಷಣಕ್ಕ ಬರದಿಟ್ಟು ಹೋದರು. 1916ಕ್ಕ ಏಳು ಮಂದಿ ಮಾಸ್ತರು ಕೂಡಿ ಬೆಳಗಾವಿಯಾಗ ಕೆಎಲ್‌ಇ ಶಿಕ್ಷಣ ಸಂಸ್ಥಾ ಕಟ್ಟಿದರು. ಅದ ವರ್ಷ ಜುಲೈದಾಗ ಮೈಸೂರಾಗ ನಾಲ್ವಡಿಯವರು ವಿವಿ ತಗದರು. ಒಂದ ವರ್ಷ, ಎರಡು ದಾರಿ ನೋಡ್ರಿ: ಅಲ್ಲಿ ಅರಸರ ಬೊಕ್ಕಸ, ಇಲ್ಲಿ ಮಾಸ್ತರರ ಪಗಾರ. ವಾರಾನ್ನ ಉಂಡು ಕಲತ ಹುಡುಗರು ಎಷ್ಟ ಮಂದಿ! ಆ ಮಂದೀನ ಮುಂದ ದೊಡ್ಡ ನೌಕರಿ ಮಾಡಿದರು. ಇವತ್ತ ಹಳೇ ವಿದ್ಯಾರ್ಥಿಗಳು ಯಾಕ ಕೊಡೂದಿಲ್ಲ?

ಎಂತ_ಮಾರಾಯ್ರೆ

ಕೊಡ್ತಾರೆ. ಕಮಾನಿಗೆ, ಬಾವಿಕಟ್ಟೆಗೆ, ಸಭಾಂಗಣಕ್ಕೆ, ಹೆಸರು ಕಾಣುವಲ್ಲಿಗೆ. ಶೌಚಾಲಯ ತೊಳೆಯುವ ಅಕ್ಕನ ಸಂಬಳಕ್ಕೆ ಯಾರ ಹೆಸರು ಬರೆಯುದು?

ಇನ್ನು ಆ ಎಲ್‌ಐಸಿ ಮಾತು ಯಾರೂ ಎತ್ತಲಿಲ್ಲ. ವಿಮೆಯದ್ದಲ್ಲ, ಸ್ಥಳೀಯ ವಿಚಾರಣಾ ಸಮಿತಿ. ಸಂಯೋಜನೆ ಕೊಡುವ ಮೊದಲು ಕಾಲೇಜು ನೋಡ್ಲಿಕ್ಕೆ ಬರುವವರು. ವಿವಿಗೆ ಸಂಯೋಜನಾ ಶುಲ್ಕ ಬೇಕು, ಕಾಲೇಜಿಗೆ ಸಂಯೋಜನೆ ಬೇಕು. ಎರಡೂ ಕಡೆ ಬೇಕು ಅಂತ ಇರುವಾಗ ‘ಇಲ್ಲಿ ಲೈಬ್ರರಿಯೇ ಇಲ್ಲ’ ಅಂತ ಬರೆಯುವವರು ಯಾರು? ಅವತ್ತು ಒಂದು ದಿನಕ್ಕೆ ಪುಸ್ತಕ ಬೇರೆ ಕಾಲೇಜಿನಿಂದ ಬರ್ತದೆ, ಸಂಜೆ ಟೆಂಪೋದಲ್ಲಿ ವಾಪಸ್ ಹೋಗ್ತದೆ. ನಾನೇ ಲೋಡ್ ಮಾಡಿಸಿದ್ದುಂಟು, ಬೇರೊಂದು ಕಾಲೇಜಿನಲ್ಲಿರುವಾಗ. ದುಡ್ಡು ಇಂಥ ಕಡೆಯಿಂದ ಬರ್ಬೇಕಾದ್ರೆ ಗುಣಮಟ್ಟವೂ ಅಂಥದ್ದೇ.

ಕರಿಕೋಟು

ಈ ಮಾತು ಎಲ್ಲಾದರೂ ಬರೆದಿಡಬೇಕು.

ವೈಟ್‌ಫೀಲ್ಡ್_ವಾಸಿ

ಸರಿ, ಫೀಸು ಏರಿಸೋದು ಒಂದೇ ಪರಿಹಾರ ಅಂದದ್ದನ್ನು ಸ್ವಲ್ಪ ಹಿಂದಕ್ಕೆ ತಗೋತೀನಿ. ಆದರೆ ಜಮೀನು? ಬೆಂಗಳೂರು ವಿವಿ ಜ್ಞಾನಭಾರತಿಯಲ್ಲಿ ಸಾವಿರ ಎಕರೆ ಮೇಲೆ ಇದೆ. ಅದರಲ್ಲಿ ಐವತ್ತು ಎಕರೆ ಲೀಸಿಗೆ ಕೊಟ್ಟರೂ ಪಿಂಚಣಿ ಸಮಸ್ಯೆ ಮುಗೀತು.

ಹಳೇ_ಲೆಡ್ಜರ್

ಬೇಡ ಸ್ವಾಮಿ. ನಮ್ಮಲ್ಲಿ ಜಾಗ ಲೀಸಿಗೆ ಕೊಟ್ಟರೆ ಬಾಡಿಗೆ ಬರುತ್ತೋ ಬಿಡುತ್ತೋ, ಜಾಗ ಅಂತೂ ವಾಪಸ್ ಬರಲ್ಲ. ಕಾಡು, ಕೆರೆ ಉಳಿದಿರೋದೇ ಅಂಥ ಕ್ಯಾಂಪಸ್‌ಗಳಲ್ಲಿ. ಒಂದು ಸಲ ಮಾರಿದ ದುಡ್ಡಲ್ಲಿ ಪ್ರತಿ ತಿಂಗಳ ಖರ್ಚು ತೂಗಿಸೋದು ಅಂದರೆ ಎಫ್‌ಡಿ ಮುರಿದು ರೇಷನ್ ತಂದ ಹಾಗೆ. ಆ ಕೆಲಸ ನಾವು ಮಾಡಿ ನೋಡಿದ್ದೀವಿ. ನನ್ನ ಕೊನೇ ಮೂರು ವರ್ಷ ಪ್ರತಿ ಮಾರ್ಚಿನಲ್ಲಿ ಯಾವ ಎಫ್‌ಡಿ ಮುರಿಯಬೇಕು ಅನ್ನೋ ಪಟ್ಟಿ ನಾನೇ ಬರೀತಿದ್ದೆ. ಕೆಲವು ಚಿನ್ನದ ಪದಕದ ದತ್ತಿ ಹಣ. ಯಾರೋ ತಾಯಿಯ ಹೆಸರಲ್ಲಿ 1970ರ ದಶಕದಲ್ಲಿ ಐದು ಸಾವಿರ ಇಟ್ಟಿರ್ತಾರೆ, ಅದರ ಬಡ್ಡಿಯಲ್ಲಿ ಪದಕ ಮಾಡಿಸಬೇಕು. ಬಡ್ಡಿ ಸಾಲದೆ ಪದಕಕ್ಕೆ ಬರೀ ಚಿನ್ನದ ನೀರು. ಆ ದತ್ತಿ ಎಫ್‌ಡಿಗಳನ್ನು ಮಾತ್ರ ಮುಟ್ಟಲು ನಾನು ಬಿಡಲಿಲ್ಲ, ಪಟ್ಟಿಯಲ್ಲಿ ಕೊನೆಗೆ ಹಾಕ್ತಿದ್ದೆ.

ನಾನು ಹೇಳಬೇಕು ಅಂತ ಬಂದದ್ದು ಒಂದೇ. ಪ್ರೊಫೆಸರ್ ಒಬ್ಬರು ನಿವೃತ್ತರಾದ ದಿನ ಸರ್ಕಾರದ ಲೆಡ್ಜರಿನಿಂದ ಎದ್ದು ವಿವಿಯ ಲೆಡ್ಜರಿಗೆ ಬಂದು ಕೂರ್ತಾರೆ. ಅವರ ಹುದ್ದೆಗೆ ಹೊಸಬರನ್ನು ತುಂಬಲ್ಲ, ಆ ಸಂಬಳ ಸರ್ಕಾರಕ್ಕೆ ಉಳೀತು. ಪಾಠಕ್ಕೆ ಅತಿಥಿ ಉಪನ್ಯಾಸಕರನ್ನು ವಿವಿ ತನ್ನ ದುಡ್ಡಲ್ಲಿ ತಗೋಬೇಕು, ಪಿಂಚಣಿಯ ಕೊರತೆಯನ್ನೂ ಅದೇ ತುಂಬಬೇಕು. ಸರ್ಕಾರಕ್ಕೆ ಒಂದು ಕಡೆ ಉಳಿತಾಯ, ವಿವಿಗೆ ಎರಡು ಕಡೆ ಖರ್ಚು. 2006ರ ಏಪ್ರಿಲ್ ಮುಂಚೆ ಸೇರಿದ ನಮ್ಮ ತಲೆಮಾರು ಹಳೇ ಪಿಂಚಣಿಯವರು, ಆಮೇಲಿನವರು ಎನ್‌ಪಿಎಸ್, ಅಂದರೆ ಸಂಬಳದಿಂದ ಕಂತು ಕಟ್ಟಿ ಕೂಡಿಡೋ ಹೊಸ ಪಿಂಚಣಿಯವರು. ಹಾಗಾಗಿ ಈ ಹೊರೆ ಶಾಶ್ವತ ಅಲ್ಲ, ನಾವು ಸಾಯೋವರೆಗೆ. ಒಂದು ಇಪ್ಪತ್ತು ಇಪ್ಪತ್ತೈದು ವರ್ಷ. ಅಷ್ಟು ಕಾಲ ಸರ್ಕಾರ ನಮ್ಮನ್ನು ತನ್ನ ಬೇರೆ ಪಿಂಚಣಿದಾರರ ಜೊತೆ ಖಜಾನೆಗೇ ಸೇರಿಸಿಕೊಂಡರೆ, ಪರೀಕ್ಷಾ ಶುಲ್ಕ ಪರೀಕ್ಷೆಗೆ, ಉಳಿದದ್ದು ಲ್ಯಾಬಿಗೆ ಹೋಗುತ್ತೆ. ಶುಲ್ಕ ಎಷ್ಟಿರಬೇಕು, ಸಾಲ ಹೇಗಿರಬೇಕು ಅನ್ನೋ ಜಗಳ ಆಮೇಲೆ ಆಡಬಹುದು. ಕೊಠಾರಿ ಆಯೋಗ 1966ರಲ್ಲೇ ರಾಷ್ಟ್ರೀಯ ಆದಾಯದ ಶೇ 6 ಶಿಕ್ಷಣಕ್ಕೆ ಅಂದಿತ್ತು, 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಶೇ 6 ಅಂತ ಬರೀತು. ಅದರ ದಾರಿ ಕಾಯ್ತಾ ಕೂರೋ ವಯಸ್ಸು ನನ್ನದಲ್ಲ.

ವೈಟ್‌ಫೀಲ್ಡ್_ವಾಸಿ

ಅಂದರೆ ಕೊನೆಗೆ ನನ್ನ ಟ್ಯಾಕ್ಸಿನಿಂದಲೇ.

ಹಳೇ_ಲೆಡ್ಜರ್

ಹೌದು. ಈಗ ಕಬ್ಬಿನಗದ್ದೆಯವರ ಮಗಳ ಪರೀಕ್ಷಾ ಶುಲ್ಕದಿಂದ ಹೋಗ್ತಿದೆ.

ವೈಟ್‌ಫೀಲ್ಡ್_ವಾಸಿ

…ಅದು ಸರಿ ಅಲ್ಲ, ಒಪ್ಪಿದೆ.

ಲೀಡ್ಸ್_ಕನ್ನಡತಿ

ಒಂದು ಸಣ್ಣ ತಕರಾರು. ಪಿಂಚಣಿ ಸರ್ಕಾರ ತಗೊಂಡರೆ, ವಿವಿಗಳು ಉಳಿದ ದುಡ್ಡನ್ನು ಲ್ಯಾಬಿಗೇ ಹಾಕ್ತವೆ ಅನ್ನೋ ಭರವಸೆ ಏನು? ಹೊಸ ಗೇಟು ಕಟ್ಟಲ್ವಾ?

ಎಂತ_ಮಾರಾಯ್ರೆ

ಗೇಟು ಕಟ್ಟೇ ಕಟ್ತಾರೆ.

ಧಾರವಾಡದಾಂವ

ಗೇಟಿನ ಉದ್ಘಾಟನಾಕ್ಕ ಮಂತ್ರಿ ಬರ್ತಾರ, ಅದರ ಖರ್ಚು ಬ್ಯಾರೆ.

ಫೈನಲ್_ಸೆಮ್

ಎಲ್ಲರೂ ದೊಡ್ಡ ವಿಷಯ ಮಾತಾಡ್ತಿದ್ದೀರಿ, ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಾನು ಮೇಲೆ ಕೇಳಿದ್ದಕ್ಕೆ ಯಾರೂ ಹೇಳಲಿಲ್ಲ. ನಮ್ಮ ಕ್ಲಾಸಲ್ಲಿ ಹದಿನಾಲ್ಕು ಜನ ಇದ್ದೀವಿ, ಎಲ್ಲರದ್ದೂ ಇದೇ ಪ್ರಶ್ನೆ. ಕೆ-ಸೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆ) ಅರ್ಜಿಯಲ್ಲಿ ವಿವಿ ಹೆಸರು ಏನು ಬರೀಬೇಕು? ಮುಂದೆ ಕೆಲಸಕ್ಕೆ ಹೋದಾಗ ‘ಈ ವಿವಿ ಎಲ್ಲಿದೆ’ ಅಂತ ಕೇಳಿದರೆ ಏನು ಹೇಳೋದು?

ಹಳೇ_ಲೆಡ್ಜರ್

ಅಯ್ಯೋ, ನಿನ್ನ ಪ್ರಶ್ನೆ ಎಲ್ಲಕ್ಕಿಂತ ಮೊದಲು ಬಂದಿತ್ತು ಕಣಮ್ಮ, ನಾವು ಮುದುಕರು ಪಿಂಚಣಿ ಅಂತ ಹೊರಟುಬಿಟ್ಟೆವು.

ಹೆದರಬೇಡ. ವಿವಿ ಒಡೆದಾಗ ಮಾಡ್ತಾ ಬಂದಿರೋ ಪದ್ಧತಿ ಹೇಳ್ತೀನಿ. ಯಾವ ವಿವಿಯಲ್ಲಿ ನೋಂದಣಿ ಆಗಿದೆಯೋ ಆ ಬ್ಯಾಚ್ ಮುಗಿಯೋವರೆಗೆ ಅದರ ಹೆಸರಲ್ಲೇ ಪರೀಕ್ಷೆ, ಅದರ ಹೆಸರಲ್ಲೇ ಪದವಿ. ಜಿಲ್ಲೆ ಬೇರೆ ವಿವಿಗೆ ಹೋದಮೇಲೂ ಹಳೇ ಬ್ಯಾಚಿನವರಿಗೆ ಮಾತೃ ವಿವಿಯ ಮಾರ್ಕ್ಸ್ ಕಾರ್ಡನ್ನೇ ಕೊಟ್ಟಿದ್ದು ನಮ್ಮ ಕಚೇರಿಯಲ್ಲಿ ನಾನೇ ನೋಡಿದ್ದೀನಿ. ಕಾನೂನಿನ ಪ್ರಕಾರ ಸ್ಥಾಪನೆಯಾಗಿದ್ದಾಗ ಕೊಟ್ಟ ಪದವಿ ಆಮೇಲೆ ವಿಲೀನ ಆಯ್ತು ಅಂತ ಸುಳ್ಳಾಗಲ್ಲ. ಅರ್ಜಿಯಲ್ಲಿ ನಿನ್ನ ಮಾರ್ಕ್ಸ್ ಕಾರ್ಡಿನಲ್ಲಿ ಏನಿದೆಯೋ ಅದನ್ನೇ ಅಕ್ಷರ ತಪ್ಪದೆ ಬರಿ.

ಎರಡು ಕೆಲಸ ಈ ವಾರವೇ ಮಾಡು. ಮೂರೂ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡು ಯುಯುಸಿಎಂಎಸ್‌ನಿಂದ ಇಳಿಸಿ ಪ್ರಿಂಟ್ ತೆಗೆದಿಟ್ಟುಕೋ, ಡಿಜಿಲಾಕರ್‌ನಲ್ಲಿ ಬಂದಿದೆಯಾ ನೋಡು. ಆಮೇಲೆ ಪದವಿ ಪ್ರಮಾಣಪತ್ರದ ಅರ್ಜಿ ಶುಲ್ಕ ಕಟ್ಟಿದ ರಸೀದಿ ಜೋಪಾನ ಮಾಡು. ಕಚೇರಿ ಸ್ಥಳಾಂತರ ಆಗುವಾಗ ಮೊದಲು ಕಳೆಯೋದು ಆ ಫೈಲೇ.

ಫೈನಲ್_ಸೆಮ್

ಥ್ಯಾಂಕ್ಯೂ ಸರ್. ಆ ಶುಲ್ಕ ಎಷ್ಟು ಸರ್?

ಹಳೇ_ಲೆಡ್ಜರ್

ನಾನಿದ್ದಾಗ ಒಂದಿತ್ತು. ಈಗ ಏರಿಸಿರ್ತಾರೆ, ನೋಟಿಸ್ ಬೋರ್ಡ್ ನೋಡಮ್ಮ.